ಬಿಕ್ಕಲಂ ಹಾಕುವ ಕೈ: ಮಗಳಿಗೊಂದು ಪತ್ರ

ಚಿಕ್ಕಬಳ್ಳಾಪುರ

ಚಿ. ಸುಮಾಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಬೆಂಗಳೂರಿನ ನೌಕರಿ ಬಿಟ್ಟು ಊರಿನಲ್ಲಿದ್ದುಕೊಂಡೇ ಸ್ವಂತವಾಗಿ ಅನುವಾದದ ಕೆಲಸ ಮಾಡುತ್ತೇನೆಂದು ನೀನು ಹೇಳಿದಾಗ ನಾನು ಸುಮ್ಮನಿದ್ದುದನ್ನು ಅಸಮಾಧಾನವೆಂದು ತಿಳಿಯಬೇಡ. ಯಂತ್ರವೇ ಕ್ಷಣದಲ್ಲಿ ಅನುವಾದಿಸಿಕೊಡುವ ಈ ಕಾಲದಲ್ಲಿ ಆ ಕಸುಬು ಎಷ್ಟು ವರ್ಷ ಅನ್ನ ಹಾಕೀತೆಂಬ ಚಿಂತೆಯಲ್ಲಿ ಮಾತು ಹೊರಡಲಿಲ್ಲ.

ನೋಂದಣಿ ಕಚೇರಿಯ ಎದುರು ಜನರ ಆಸ್ತಿಪತ್ರಗಳನ್ನು ಬರೆದೇ ನಿನ್ನನ್ನು ಓದಿಸಿದವನು ನಾನು. ಕೈಬರಹ ಹೋಗಿ ಟೈಪ್‌ರೈಟರ್ ಬಂದದ್ದನ್ನು, ಅದೂ ಹೋಗಿ ಕಂಪ್ಯೂಟರ್ ಬಂದದ್ದನ್ನು ಕಂಡಿದ್ದೇನೆ. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ 'ಭೂಮಿ' ಯೋಜನೆಯಿಂದ ಕೈಬರಹದ ಪಹಣಿ ನಿಂತಿತು. 2023ರಲ್ಲಿ ಬಂದ ನೋಂದಣಿ ಇಲಾಖೆಯ 'ಕಾವೇರಿ 2.0' ತಂತ್ರಾಂಶದಿಂದ ಪತ್ರದ ಕರಡನ್ನು ಮನೆಯಿಂದಲೇ ಕಳುಹಿಸುವಂತಾಯಿತು. ಪ್ರತಿ ಸಲವೂ ಬರವಣಿಗೆಯ ಕೂಲಿ ಇಳಿದರೂ ಕೆಲಸ ಉಳಿಯಿತು. ಆದರೆ ಆ ಯಂತ್ರಗಳು ನಾನು ಹೇಳಿದ್ದನ್ನು ಬರೆಯುತ್ತಿದ್ದವು; ಈಗ ಬಂದಿರುವುದು, ಏನು ಬರೆಯಬೇಕೆಂಬುದನ್ನೂ ತಾನೇ ಹೇಳುತ್ತದೆ.

ಹೋದ ತಿಂಗಳು ಒಬ್ಬ ಹುಡುಗ ಕೃತಕ ಬುದ್ಧಿಮತ್ತೆಯಿಂದ ಬರೆಸಿದ ವಿಭಾಗಪತ್ರವನ್ನು, ಅಂದರೆ ಮನೆತನದ ಆಸ್ತಿಯನ್ನು ಪಾಲು ಮಾಡುವ ಪತ್ರವನ್ನು, ತಂದಿದ್ದ. ಭಾಷೆ ನನ್ನದಕ್ಕಿಂತ ಶುದ್ಧವಾಗಿತ್ತು. ಸರ್ವೆ ನಂಬರು, ಗುಂಟೆ, ಚಕ್ಕುಬಂದಿ ಎಲ್ಲವೂ ಸರಿಯಾಗಿದ್ದವು. "ನಿಮ್ಮ ತಾತನಿಗೆ ಹೆಣ್ಣುಮಕ್ಕಳೆಷ್ಟು?" ಎಂದು ಕೇಳಿದೆ. ಇಬ್ಬರು ಸೋದರತ್ತೆಯರಿದ್ದರು, ಅವರ ಹೆಸರೇ ಪತ್ರದಲ್ಲಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆಯೆಂಬುದು ಯಂತ್ರಕ್ಕೆ ತಿಳಿಯದ ಸಂಗತಿಯೇನಲ್ಲ. ಹುಡುಗ ಅತ್ತೆಯರ ಮಾತೆತ್ತಲಿಲ್ಲ, ಅದು ಕೇಳಲಿಲ್ಲ, ಅಷ್ಟೆ.

ನಾಳೆ ಅದು ಕೇಳುವುದನ್ನೂ ಕಲಿಯಬಹುದು. ಹಾಗಾದರೂ, ಪತ್ರದ ಕೊನೆಯಲ್ಲಿ 'ಬಿಕ್ಕಲಂ', ಅಂದರೆ ಇದನ್ನು ಬರೆದವನು ನಾನು, ಎಂದು ರುಜು ಹಾಕಿದವನನ್ನು ತಕರಾರು ಬಂದಾಗ ನ್ಯಾಯಾಲಯ ಕರೆಸಬಹುದು. ಎರಡು ಸಲ ನಾನು ಹಾಗೆ ಕಟಕಟೆಯಲ್ಲಿ ನಿಂತು ಸಾಕ್ಷಿ ಹೇಳಿದ್ದೇನೆ. ಪದಕ್ಕಿಷ್ಟು ಎಂಬ ದರ ನಿನ್ನ ಕಸುಬಿನಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರ, ವಿಮೆಯ ಷರತ್ತು, ಕೋರ್ಟಿನ ದಾಖಲೆ, ಹೀಗೆ ಒಂದು ಪದ ತಪ್ಪಿದರೂ ಯಾರದೋ ಬದುಕು ಕೆಡುವಂಥ ಕಾಗದಗಳನ್ನು ಹಿಡಿದು, ಅವುಗಳ ಹೊಣೆಗೆ ಬೆಲೆ ಕೇಳು.

ನನ್ನನ್ನು ಇದಕ್ಕಿಂತ ಹೆಚ್ಚಾಗಿ ಕಾಡುವ ಮಾತೊಂದಿದೆ, ತಾಯಿ. ಹೆಣ್ಣುಮಕ್ಕಳೆಷ್ಟು ಎಂಬ ಆ ಪ್ರಶ್ನೆಯನ್ನು ನಾನು ಕಲಿತದ್ದು ಗುರುಗಳ ಬಳಿ ಏಳು ವರ್ಷ ನಕಲು ತೆಗೆದು. ಆ ನಕಲಿನ ಕೆಲಸವೆಲ್ಲ ಯಂತ್ರದ ಪಾಲಾದರೆ ಹೊಸಬರು ಎಲ್ಲಿ ಕುಳಿತು ಕಲಿಯಬೇಕು? ಯಂತ್ರದ ಅನುವಾದ ನೋಡುವ ಮುಂಚೆ ದಿನಕ್ಕೊಂದು ಪುಟವನ್ನಾದರೂ ನೀನೇ ಮಾಡು. ಒಂದು ವರ್ಷದ ಖರ್ಚಿನ ಹಣ ಕೈಯಲ್ಲಿಲ್ಲದೆ ರಾಜೀನಾಮೆ ಕೊಡಬೇಡ.

ಆ ಹುಡುಗನ ಅತ್ತೆಯರಿಬ್ಬರೂ ಮುಂದಿನ ಸೋಮವಾರ ಬರುತ್ತಾರೆ. ರಜೆ ಸಿಕ್ಕರೆ ನೀನೂ ಬಂದು ನನ್ನ ಪಕ್ಕದಲ್ಲಿ ಕುಳಿತುಕೋ.

ಇಂತಿ,
ನಿನ್ನ ಅಪ್ಪ