ಕನಿಷ್ಠ ಪಿಂಚಣಿ ಹೆಚ್ಚಿಸಿ, ತುಟ್ಟಿಭತ್ಯೆ ಸೇರಿಸಿ

ಮಾನ್ಯರೇ,

ಭವಿಷ್ಯನಿಧಿ (ಪಿಎಫ್) ಸದಸ್ಯರಾದ ಕಾರ್ಮಿಕರಿಗಿರುವ ನೌಕರರ ಪಿಂಚಣಿ ಯೋಜನೆ–1995ರ ಅಡಿ ಕನಿಷ್ಠ ಪಿಂಚಣಿಯನ್ನು ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಪಡಿಸಿದ್ದು 2014ರ ಸೆಪ್ಟೆಂಬರ್‌ನಲ್ಲಿ. ದಶಕ ಕಳೆದರೂ ಆ ಮೊತ್ತ ಕದಲಿಲ್ಲ.

ನಾನು ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ 17 ವರ್ಷ ಲೇತ್ ಯಂತ್ರದ ಮುಂದೆ ನಿಂತು ದುಡಿದು 2013ರಲ್ಲಿ ನಿವೃತ್ತನಾದವನು. ಪಿಂಚಣಿ ಲೆಕ್ಕಕ್ಕೆ ಆಗಿನ ಗರಿಷ್ಠ ವೇತನ ಮಿತಿಯಾಗಿದ್ದ 6,500 ರೂಪಾಯಿಯನ್ನು ಸೇವಾವಧಿಯಿಂದ ಗುಣಿಸಿ 70ರಿಂದ ಭಾಗಿಸಿದಾಗ ಬಂದ 1,578 ರೂಪಾಯಿಯೇ ನನ್ನ ಪಿಂಚಣಿ. ಸರ್ಕಾರಿ ನಿವೃತ್ತರಿಗೆ ಬೆಲೆ ಏರಿಕೆಗೆ ತಕ್ಕಂತೆ ಸಿಗುವ ತುಟ್ಟಿಭತ್ಯೆ ಈ ಯೋಜನೆಯಲ್ಲಿ ಇಲ್ಲದಿರುವುದರಿಂದ ಅಂದು ಕೈಗೆ ಬಂದಷ್ಟೇ ಇಂದಿಗೂ ಬರುತ್ತಿದೆ. ನನ್ನ ರಕ್ತದೊತ್ತಡದ ಮಾತ್ರೆಗೂ ಪತ್ನಿಯ ಮಧುಮೇಹದ ಔಷಧಕ್ಕೂ ಅದು ಸಾಲುವುದಿಲ್ಲ. ನನ್ನ ಕಾಲಾನಂತರ ಅವಳಿಗೆ ಇದರ ಅರ್ಧ ಸಲ್ಲಬೇಕು, ಕನಿಷ್ಠ ಮಿತಿ ಇರುವ ಕಾರಣಕ್ಕೆ 1,000 ರೂಪಾಯಿ ಸಿಕ್ಕೀತು. ಆ ಹಣದಲ್ಲಿ ಅವಳು ತಿಂಗಳು ಕಳೆಯುವುದು ಹೇಗೆಂಬುದೇ ನನ್ನನ್ನು ಹೆಚ್ಚು ಕಾಡುವ ಚಿಂತೆ.

ಈ ಪಿಂಚಣಿಗೆ ನಮ್ಮ ದುಡಿಮೆಯ ಲೆಕ್ಕದಲ್ಲೇ ಹಣ ಸಂದಾಯವಾಗಿದೆ. ಮಾಲೀಕರ ವಂತಿಗೆಯಿಂದ ವೇತನದ ಶೇ 8.33ರಷ್ಟು ಪಿಂಚಣಿ ನಿಧಿಗೆ ಹೋಗುತ್ತದೆ. 2014ರಿಂದ ಏರಿಸಿದ 15,000 ರೂಪಾಯಿ ವೇತನ ಮಿತಿಯಲ್ಲಿ ಅದು ತಿಂಗಳಿಗೆ ಸುಮಾರು 1,250 ರೂಪಾಯಿ. ವಂತಿಗೆಯೇ ಇಲ್ಲದ, ರಾಜ್ಯ ಸರ್ಕಾರದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 1,200 ರೂಪಾಯಿ ಕೊಡಲಾಗುತ್ತಿದೆ. ಬಡ ವೃದ್ಧರಿಗೆ ಅದು ಸಿಗಲೇಬೇಕು, ಇನ್ನೂ ಹೆಚ್ಚಬೇಕು. ಆದರೆ ವರ್ಷಗಟ್ಟಲೆ ವಂತಿಗೆ ಸಂದಾಯವಾದ ಕಾರ್ಮಿಕನ ಕನಿಷ್ಠ ಪಿಂಚಣಿ ಅದಕ್ಕಿಂತಲೂ ಕೆಳಗಿರುವುದನ್ನು ಯಾವ ನ್ಯಾಯದಿಂದ ಸಮರ್ಥಿಸಲು ಸಾಧ್ಯ?

ಭಗತ್ ಸಿಂಗ್ ಕೋಶಿಯಾರಿ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ 2013ರಲ್ಲೇ ಕನಿಷ್ಠ 3,000 ರೂಪಾಯಿಗೆ ಶಿಫಾರಸು ಮಾಡಿತ್ತು. ಪಿಂಚಣಿದಾರರ ಸಂಘಟನೆಗಳು ಈಗ ಕೇಳುತ್ತಿರುವುದು 7,500 ರೂಪಾಯಿ ಮತ್ತು ತುಟ್ಟಿಭತ್ಯೆಯನ್ನು. ನಿಧಿಯಲ್ಲಿ ಕೊರತೆಯಿದೆ ಎಂಬುದು ಕೇಂದ್ರದ ಉತ್ತರ. ಆದರೆ ಈಗಿನ 1,000 ರೂಪಾಯಿಯನ್ನು ತುಂಬಿಕೊಡಲು ಕೇಂದ್ರ ನಿಧಿಗೆ ಕೊಡುವ, ವೇತನದ ಶೇ 1.16ರ ತನ್ನ ಪಾಲಿನ ಜೊತೆಗೆ ಬಜೆಟ್‌ನಿಂದಲೂ ನೆರವು ಒದಗಿಸುತ್ತಿದೆ. ದಾರಿ ಇರುವಾಗ ಆ ನೆರವನ್ನು ಹೆಚ್ಚಿಸುವುದು ಅಸಾಧ್ಯವೇನಲ್ಲ.

ಸಾರಿಗೆ ನಿಗಮಗಳ ನಿವೃತ್ತರು, ಗಾರ್ಮೆಂಟ್ಸ್‌ನಲ್ಲಿ ದುಡಿದ ಹೆಣ್ಣುಮಕ್ಕಳು ಸೇರಿದಂತೆ ರಾಜ್ಯದಲ್ಲಿ ಈ ಪಿಂಚಣಿಯನ್ನು ನಂಬಿದವರು ಅನೇಕರಿದ್ದಾರೆ. ಕರ್ನಾಟಕದ ಸಂಸದರು ಪಕ್ಷಭೇದ ಮರೆತು ಈ ಬೇಡಿಕೆಯನ್ನು ಸಂಸತ್ತಿನಲ್ಲಿ ಒಟ್ಟಾಗಿ ಮಂಡಿಸಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಕಾರ್ಮಿಕ, ಬೆಂಗಳೂರು