ಗಾಂಧಿ ಬಜಾರಿನ ಒಂದು ಅಂಗಡಿಯಿಂದ ಥ್ಯಾಂಕ್ಸ್

ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿದು ವಾರವಾಯಿತು. ಅಂಗಡಿ ಮುಂದಿನ ಕಲ್ಲುಹಾಸಿನ ಸಂದಿಯಲ್ಲಿ ಇನ್ನೂ ಕಡಲೆಕಾಯಿ ಸಿಪ್ಪೆ ಸಿಗುತ್ತಿದೆ. ಪೊರಕೆಗೆ ಬರುವುದಿಲ್ಲ, ಕಡ್ಡಿಯಲ್ಲಿ ಕೆದಕಬೇಕು. ಹಾಗೆ ಕೆದಕುತ್ತಾ ಕೂತಾಗಲೇ ಇದನ್ನು ಬರೆಯಬೇಕು ಅನ್ನಿಸಿದ್ದು. 2023ರಲ್ಲಿ ಇದೇ ಜಾಗದಲ್ಲಿ ರಸ್ತೆ ಕೆಲಸಕ್ಕೆ ಅಗೆದ ಸೊಂಟದಾಳದ ಗುಂಡಿ ಇತ್ತು. ಅದರ ಮೇಲೊಂದು ಹಲಗೆ. ಆ ಹಲಗೆ ದಾಟಿ ಬರುವ ಧೈರ್ಯ ಇದ್ದವರು ಮಾತ್ರ ಆಗ ನನ್ನ ಗಿರಾಕಿಗಳು.

ನನ್ನದು ಗಾಂಧಿ ಬಜಾರಿನಲ್ಲಿ ಸಣ್ಣ ಗ್ರಂಥಿಗೆ ಅಂಗಡಿ. ಅರಿಶಿನ, ಕುಂಕುಮ, ಕರ್ಪೂರ, ಗೆಜ್ಜೆವಸ್ತ್ರ, ದರ್ಭೆ, ಹೋಮದ ಸಮಿತ್ತು, ಎಲ್ಲ ಇಲ್ಲೇ. ಅಪ್ಪನಿಂದ ಬಂದದ್ದು. ಈ ಕಾರ್ತಿಕಕ್ಕೆ ನಾನು ಗಲ್ಲಾದಲ್ಲಿ ಕೂತು 25 ವರ್ಷವಾಯಿತು. ಸನ್ಮಾನ ಗಿನ್ಮಾನ ಏನೂ ಇಲ್ಲ, ಹೆಂಡತಿ ಒಂದು ಪಾವು ಅಕ್ಕಿಯ ಪಾಯಸ ಮಾಡಿದಳು, ಅಷ್ಟೇ. ಆದರೆ ಈ 25ರಲ್ಲಿ ಒಂದು ವರ್ಷ ಅಂಗಡಿ ಉಳಿಯುತ್ತೋ ಇಲ್ಲವೋ ಅನ್ನುವ ಹಾಗಿತ್ತು. ಉಳಿಯಿತು. ಉಳಿಸಿದವರಿಗೆ ನಾನು ಬಾಯಿಬಿಟ್ಟು ಏನೂ ಹೇಳಿಲ್ಲ. ಸುಮ್ನೆ ಬೈದದ್ದೇ ಜಾಸ್ತಿ.

ಬೈದದ್ದನ್ನೇ ಮೊದಲು ಹೇಳಿಬಿಡುತ್ತೇನೆ. ಬಜಾರನ್ನು ನಡೆಯುವವರಿಗೆ ಬಿಟ್ಟುಕೊಡುತ್ತಾರಂತೆ, ಗಾಡಿ ಬಿಡುವುದೇ ಇಲ್ಲವಂತೆ ಎಂಬ ಸುದ್ದಿ ಬಂದಾಗ ಜೋರಾಗಿ ಕೂಗಿದವರಲ್ಲಿ ನಾನೂ ಒಬ್ಬ. ಗಾಡಿ ಇಲ್ಲದಿದ್ದರೆ ಹತ್ತು ಕೆಜಿ ಪೂಜೆ ಸಾಮಾನು ಹೊತ್ತುಕೊಂಡು ಹೋಗುವವರು ಯಾರು ಅಂತ ನನ್ನ ವಾದ. ಆ ವಾದ ತಪ್ಪು ಅಂತ ಈಗಲೂ ಅನ್ನಿಸಿಲ್ಲ. ಆದರೆ ಒಂದು ಸಭೆಯಲ್ಲಿ ಮೈಕು ಕಿತ್ತುಕೊಂಡು ಮಾತಾಡಿದ್ದು ತಪ್ಪು. ಆ ದಿನ ಎದುರಿಗೆ ಕೂತು ಬರೆದುಕೊಳ್ಳುತ್ತಿದ್ದ ನಗರ ಭೂಸಾರಿಗೆ ನಿರ್ದೇಶನಾಲಯದವರಿಗೆ, ಪಾಲಿಕೆಯವರಿಗೆ ಮೊದಲ ನಮಸ್ಕಾರ. ನಾನು ಕೂಗಿದ್ದನ್ನೂ ಬರೆದುಕೊಂಡಿದ್ದರು.

ಆಮೇಲೆ ಅಗೆತ ಶುರುವಾಯಿತು. ಹೂವಿನವರನ್ನು, ಹಣ್ಣಿನವರನ್ನು ತಾತ್ಕಾಲಿಕವಾಗಿ ಬೇರೆ ಕಡೆ ಕೂರಿಸಿದರು. ನಿಜ ಹೇಳಬೇಕೆಂದರೆ ಮೊದಲ ದಿನ ನನಗೆ ಖುಷಿಯೇ ಆಗಿತ್ತು. ನನ್ನ ಬಾಗಿಲಿಗೆ ಅಡ್ಡವಾಗಿ ಕೂರುತ್ತಿದ್ದ ಹೂವಿನಮ್ಮನ ಜತೆ ವರ್ಷಗಳಿಂದ ಜಗಳ. ಅವರ ಕೊಡೆ ನನ್ನ ಬೋರ್ಡು ಮುಚ್ಚುತ್ತದೆ, ಅವರ ಬಕೆಟ್ಟಿನ ನೀರು ನನ್ನ ಮೆಟ್ಟಿಲ ಮೇಲೆ ಹರಿಯುತ್ತದೆ ಅಂತ. ಅವರು ಎದ್ದು ಹೋದ ವಾರದಲ್ಲಿ ಲೆಕ್ಕ ನೋಡಿದರೆ ವ್ಯಾಪಾರ ಅರ್ಧಕ್ಕೆ ಇಳಿದಿತ್ತು. ಎರಡು ಮಾರು ಮಲ್ಲಿಗೆ ಕೊಳ್ಳಲು ನಿಂತವರು ಹಿಂದಕ್ಕೆ ತಿರುಗಿ "ಹಾಗೇ ಕರ್ಪೂರ ಕೊಡಿ" ಅನ್ನುತ್ತಿದ್ದರು ನೋಡಿ, ಅದೇ ನನ್ನ ವ್ಯಾಪಾರ. 20 ವರ್ಷಕ್ಕೂ ಹೆಚ್ಚು ಕಾಲ ಅವರ ಬುಟ್ಟಿಯ ನೆರಳಲ್ಲಿ ನಾನು ಬದುಕಿದ್ದೆ, ನನ್ನ ನೆರಳಲ್ಲಿ ಅವರು ಇದ್ದಾರೆ ಅಂದುಕೊಂಡಿದ್ದೆ. ಅಮ್ಮಾ, ನಿಮಗೆ ಎರಡನೇ ನಮಸ್ಕಾರ. ಕೊಡೆ ಎಷ್ಟು ಬೇಕಾದರೂ ಅಗಲ ಬಿಚ್ಚಿಕೊಳ್ಳಿ.

ಇನ್ನು ಯಾರಿಗೆ ಈ ಬರಹ ಮುಖ್ಯವಾಗಿ ಸೇರಬೇಕೋ ಅವರ ಮಾತು. ರಸ್ತೆ ಕೆಲಸದ ಎಂಜಿನಿಯರ್ ಅವರು. ಹೆಸರು ಬರೆಯಲ್ಲ, ಅವರಿಗೆ ಇಷ್ಟವಾಗಲಿಕ್ಕಿಲ್ಲ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಹಳದಿ ಹೆಲ್ಮೆಟ್, ಕೈಯಲ್ಲಿ ಟೇಪು, ಎಡಗಾಲಿನ ಶೂ ತುಂಬ ಯಾವಾಗಲೂ ಸಿಮೆಂಟು. ಒಂದು ರಾತ್ರಿ ಗುಂಡಿಯಲ್ಲಿ ನೀರಿನ ಪೈಪು ಒಡೆದು ನನ್ನ ಗೋಡೌನಿಗೆ ನೀರು ನುಗ್ಗಿತ್ತು. ಒಡೆದದ್ದು ಯಾರ ಕಡೆಯವರು ಅನ್ನುವುದು ಈಗ ಬೇಡ. ಮೂರು ಪೆಟ್ಟಿಗೆ ಊದುಬತ್ತಿ, ಒಂದು ಮೂಟೆ ಅರಿಶಿನದ ಕೊಂಬು ಹಾಳಾದವು. ಬೆಳಿಗ್ಗೆ ನಾನು ರಸ್ತೆ ಮಧ್ಯೆ ನಿಂತು ಅರಚುತ್ತಿದ್ದೆ. ಉಳಿದವರೆಲ್ಲ "ನಮಗೆ ಗೊತ್ತಿಲ್ಲ, ಅವರನ್ನು ಕೇಳಿ" ಅಂದರು. ಈ ಹುಡುಗಿ ಮಾತ್ರ ಒಳಗೆ ಬಂದು ಒದ್ದೆಯಾದ ಊದುಬತ್ತಿ ಕಟ್ಟುಗಳನ್ನು ನನ್ನ ಜತೆ ಎತ್ತಿಟ್ಟರು. ಆಮೇಲೆ ಕೇಳಿದರು: "ಸರ್, ಇವತ್ತು ಎಲ್ಲಿ ಅಗೀತೀವಿ ಅಂತ ನಿಮಗೆ ಯಾರೂ ಹೇಳಿರಲಿಲ್ವಾ?"

ಹೇಳಿರಲಿಲ್ಲ. ಹೇಳಿದ್ದರೆ ಸಾಮಾನು ಅಟ್ಟಕ್ಕೆ ಹಾಕುತ್ತಿದ್ದೆ, ಅಷ್ಟೇ ಅಲ್ವಾ?

ಮರುದಿನದಿಂದ ಅವರು ಒಂದು ಕೆಲಸ ಶುರು ಮಾಡಿದರು. ಸಂಜೆ ಹೋಗುವ ಮುಂಚೆ ನನ್ನ ಅಂಗಡಿ ಪಕ್ಕದ ಗೋಡೆಗೆ ಒರಗಿಸಿದ ಕರಿಹಲಗೆಯ ಮೇಲೆ ಚಾಕ್‌ಪೀಸಿನಲ್ಲಿ ಎರಡು ಸಾಲು. "ನಾಳೆ ಬೆಳಿಗ್ಗೆ ಈ ಕಡೆಯ ಮೋರಿ. ಮಧ್ಯಾಹ್ನ ಕರೆಂಟ್ ಇರಲ್ಲ." "ನಾಳೆ ಕೆಲಸ ಇಲ್ಲ, ಹಬ್ಬ." ಒಮ್ಮೆ "ನಾಳೆ ಏನು ಅಂತ ಇನ್ನೂ ಗೊತ್ತಿಲ್ಲ" ಅಂತಲೂ ಬರೆದಿದ್ದರು. ಅದು ನನಗೆ ಬಹಳ ಇಷ್ಟವಾಯಿತು. ಕರಿಹಲಗೆ ನನ್ನ ಮಗಳದ್ದು, ಚಿಕ್ಕವಳಿದ್ದಾಗಿನದು. ಸ್ವಲ್ಪ ದಿನಕ್ಕೆ ಸುತ್ತಮುತ್ತಲಿನ ಅಂಗಡಿಯವರೆಲ್ಲ ಬಂದು ಓದಿಕೊಂಡು ಹೋಗತೊಡಗಿದರು. ಪೇಪರ್ ಹಾಕುವ ಹುಡುಗ ಕೂಡ ಯಾವ ಕಡೆಯಿಂದ ಸೈಕಲ್ ತರಬೇಕು ಅಂತ ಅದನ್ನೇ ನೋಡುತ್ತಿದ್ದ. ಬೇರೆ ಬೇರೆ ಇಲಾಖೆಯವರೂ ಅಲ್ಲೇ ನಿಂತು ಓದಿ, "ಹಾಗಾದ್ರೆ ನಮ್ಮ ಕೇಬಲ್ಲೂ ನಾಳೇನೇ ಹಾಕಿಬಿಡ್ತೀವಿ" ಅಂದದ್ದನ್ನು ನಾನೇ ಕೇಳಿದ್ದೇನೆ. ಇಲಾಖೆಗಳ ಸಮನ್ವಯ ಅಂತ ಭಾಷಣದಲ್ಲಿ ಹೇಳುತ್ತಾರಲ್ಲ, ನಾನು ಅದನ್ನು ಕಣ್ಣಾರೆ ಕಂಡದ್ದು ಮಗಳ ಹಳೇ ಕರಿಹಲಗೆಯ ಮುಂದೆ.

ಕೆಲಸ ಹೇಳಿದ ಸಮಯಕ್ಕೆ ಮುಗಿಯಲಿಲ್ಲ. ಅದು ಎಲ್ಲರಿಗೂ ಗೊತ್ತು, ಮತ್ತೆ ಎಳೆಯುವುದಿಲ್ಲ. ಆ ದಿನಗಳಲ್ಲೂ ಧೂಳಿನಲ್ಲಿ ಸೆರಗು ಮೂಗಿಗೆ ಹಿಡಿದು ಬಂದ ಗಿರಾಕಿಗಳಿಗೆ ಸಾಷ್ಟಾಂಗ. ಜಯನಗರದಿಂದ, ಹನುಮಂತನಗರದಿಂದ ನಡೆದೇ ಬಂದವರಿದ್ದಾರೆ. ಫೋನಿನಲ್ಲಿ ತರಿಸಿಕೊಳ್ಳಬಹುದಿತ್ತು. ವಿದ್ಯಾರ್ಥಿ ಭವನದಲ್ಲಿ ದೋಸೆಗೆ ಕಾದು ತಿಂದು, ಸುಬ್ಬಮ್ಮನ ಅಂಗಡಿಯಲ್ಲಿ ಹಪ್ಪಳ ಕಟ್ಟಿಸಿಕೊಂಡು, ಆಮೇಲೆ ನಮ್ಮ ಹಲಗೆ ದಾಟಿದವರು ಅವರು. 1943ರ ಹೋಟೆಲು, 1948ರ ಅಂಗಡಿ. ಅವೆರಡೂ ಈ ಬೀದಿಗೆ ಜನರನ್ನು ಎಳೆದು ತರುತ್ತವೆ, ನಮ್ಮಂಥ ಸಣ್ಣವರಿಗೆ ಅದರಲ್ಲಿ ಪಾಲು ಸಿಗುತ್ತದೆ. ಅವರಿಗೂ ನಮಸ್ಕಾರ.

ಈಗ ಫುಟ್‌ಪಾತು ಅಗಲವಾಗಿದೆ. ಪಾರ್ಕಿಂಗ್ ಬಗ್ಗೆ ನನ್ನ ತಕರಾರು ಹಾಗೇ ಇದೆ, ಸಿಕ್ಕಾಗ ಹೇಳುತ್ತೇನೆ. ಆದರೆ ಈ ಸಲದ ಕಡಲೆಕಾಯಿ ಪರಿಷೆಯಲ್ಲಿ ನೋಡಬೇಕಿತ್ತು. ಕಾರ್ತಿಕದ ಕಡೇ ಸೋಮವಾರ ಅಂದರೆ 2025ರ ನವೆಂಬರ್ 17ಕ್ಕೆ ಶುರುವಾಗಿ ಐದು ದಿನ ನಡೆಯಿತು. ನಾನು ಹುಡುಗನಾಗಿದ್ದಾಗ ಎರಡು ದಿನಕ್ಕೇ ಮುಗಿದುಹೋಗುತ್ತಿತ್ತು. ದೊಡ್ಡ ಬಸವಣ್ಣನ ಗುಡಿಯ ಕಡೆ ಹಿಡಿಸಲಾರದ ಜನವೆಲ್ಲ ನಮ್ಮ ಬೀದಿಗೆ ಹರಿದು ಬಂತು. ಚಿಂತಾಮಣಿ ಕಡೆಯ ಒಬ್ಬ ರೈತರು ನನ್ನ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದರು. 2024ರಲ್ಲಿ ಪರಿಷೆಯ ವ್ಯಾಪಾರಿಗಳಿಂದ ಸುಂಕ ಬೇಡ ಅಂತ ಸರ್ಕಾರ ಅಂದದ್ದನ್ನು ಅವರೇ ನೆನೆಸಿಕೊಂಡರು. ಸೇರಿಗೆ ಇಷ್ಟು ಅಂತ ಉಳಿದದ್ದರಲ್ಲಿ ಮೊಮ್ಮಗಳಿಗೆ ಬಳೆ ಕೊಂಡರಂತೆ. ಜೇಬಿನಿಂದ ತೆಗೆದು ತೋರಿಸಿದರು, ಹಸಿರು ಬಳೆ, ಪೇಪರಿನಲ್ಲಿ ಸುತ್ತಿದ್ದು.

ರಾತ್ರಿ ಒಂದು ಗಂಟೆಗೂ ಟ್ರಾಫಿಕ್ ಪೊಲೀಸರು ಸರ್ಕಲ್‌ನಲ್ಲಿ ನಿಂತಿದ್ದರು. ಬೆಳಿಗ್ಗೆ ಐದಕ್ಕೆ ಪೌರಕಾರ್ಮಿಕರು ಗುಡ್ಡೆ ಗುಡ್ಡೆ ಸಿಪ್ಪೆ ಎತ್ತುತ್ತಿದ್ದರು. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪಾಲಿಕೆ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು, ಬೋರ್ಡುಗಳೆಲ್ಲ ಬದಲಾದವು. ಪೊರಕೆ ಹಿಡಿದವರು ಮಾತ್ರ ಅದೇ ಅಕ್ಕಂದಿರು. ಪರಿಷೆಯ ಮೂರನೇ ದಿನ ಅವರಲ್ಲಿ ಒಬ್ಬರಿಗೆ ಟೀ ಕೊಡಲು ಹೋದೆ. "ಮೊದಲು ಸಕ್ಕರೆ ಹಾಕ್ಸಿ ಸಾಮಿ, ನಿಮ್ಮ ಟೀ ಸಪ್ಪೆ" ಅಂದರು. ಹಾಕಿಸಿದೆ.

ಎಂಜಿನಿಯರ್ ಮೇಡಂ, ನಿಮ್ಮ ಅರ್ಧ ತುಂಡು ಚಾಕ್‌ಪೀಸು ಇನ್ನೂ ನನ್ನ ಗಲ್ಲಾಪೆಟ್ಟಿಗೆಯಲ್ಲಿದೆ. ಈಗ ಬೇರೆ ಯಾವುದೋ ರಸ್ತೆಯಲ್ಲಿದ್ದೀರಂತೆ. ಆ ರಸ್ತೆಯ ಅಂಗಡಿಯವರು ನಿಮ್ಮನ್ನು ಬೈಯುತ್ತಿದ್ದರೆ ನನ್ನ ಹತ್ತಿರ ಕಳಿಸಿ. ಈ ಕಡೆ ಬಂದಾಗ ಒಂದು ಕಾಫಿ ನನ್ನ ಲೆಕ್ಕ. ಹಾಗೇ, ಹೂವಿನಮ್ಮನ ಪಕ್ಕದ ಮೋರಿ ಚಪ್ಪಡಿ ಯಾರು ಕಾಲಿಟ್ಟರೂ ಟಕ್ ಅನ್ನುತ್ತದೆ. ಅದನ್ನೂ ಒಮ್ಮೆ ನೋಡಿಬಿಡಿ.