ಬಾವ್‌ಶಾಂಗ್ ಬ್ಯಾಂಕ್ ಮುಳುಗಿದ್ದು ಸಣ್ಣ ಸಾಲದಿಂದಲ್ಲ

ಮಾನ್ಯ ಸಂಪಾದಕರೇ,

ಊರಿನ ಸಣ್ಣ ಬ್ಯಾಂಕುಗಳು ಕಂಡಕಂಡ ಅಂಗಡಿಯವರಿಗೆಲ್ಲ ಸಾಲ ಕೊಟ್ಟೇ ಹಾಳಾಗುತ್ತವೆ ಎಂದು ಓದುಗರೊಬ್ಬರು ಕಳೆದ ವಾರ ನಿಮ್ಮ ಪತ್ರಿಕೆಗೆ ಬರೆದಿದ್ದರು. ಅದಕ್ಕೆ ಚೀನಾದ ಬಾವ್‌ಶಾಂಗ್ ಬ್ಯಾಂಕಿನ ಉದಾಹರಣೆ ಬೇರೆ. ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದವನು, ಅದರಲ್ಲಿ ಜಾಸ್ತಿ ಕಾಲ ಸಾಲದ ಟೇಬಲ್ಲಿನಲ್ಲೇ ಕೂತವನು. ಓದಿ ಸುಮ್ನೆ ಇರಲಾಗಲಿಲ್ಲ.

ಬಾವ್‌ಟೊ ಎಂಬುದು ಚೀನಾದ ಒಳ ಮಂಗೋಲಿಯಾ ಪ್ರಾಂತ್ಯದ ಉಕ್ಕಿನ ಊರು. ನಮ್ಮ ಭದ್ರಾವತಿ ಇದ್ದ ಹಾಗೆ ಅನ್ನಿ, ಆದರೆ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. ಚೀನಾದ ದೊಡ್ಡ ಸರ್ಕಾರಿ ಬ್ಯಾಂಕುಗಳು ಸರ್ಕಾರಿ ಕಾರ್ಖಾನೆಗಳನ್ನು ಬಿಟ್ಟರೆ ಬೇರೆಯವರ ಮುಖ ನೋಡದ ಕಾಲದಲ್ಲಿ, ಅಂದರೆ 1979ರಿಂದ ಈಚೆಗೆ, ನಗರ ನಗರಗಳಲ್ಲಿ ಸಾಲ ಸಹಕಾರಿ ಸಂಘಗಳು ಹುಟ್ಟಿಕೊಂಡವು. 90ರ ದಶಕದ ನಡುವಿನ ಹೊತ್ತಿಗೆ ಅವು ಸುಮಾರು 5,000 ಆಗಿದ್ದವು. ಎಷ್ಟೋ ಸಂಘಗಳ ಲೆಕ್ಕ ನೆಟ್ಟಗಿರಲಿಲ್ಲ. 1995ರಲ್ಲಿ ಸರ್ಕಾರ ಆಯಾ ನಗರದ ಸಂಘಗಳನ್ನೆಲ್ಲ ಸೇರಿಸಿ ಒಂದೊಂದು ಬ್ಯಾಂಕ್ ಮಾಡಲು ಹೊರಟಿತು. ಹಾಗೆ 1998ರಲ್ಲಿ ಹುಟ್ಟಿದ್ದು ಬಾವ್‌ಟೊ ನಗರ ವಾಣಿಜ್ಯ ಬ್ಯಾಂಕ್. 2007ರಲ್ಲಿ ಅದು ಹೆಸರು ಬದಲಿಸಿ ಬಾವ್‌ಶಾಂಗ್ ಆಯಿತು. ಆಮೇಲೆ ನಿಂಗ್ಬೊ, ಶೆನ್‌ಝೆನ್, ಚೆಂಗ್ಡು, ಬೀಜಿಂಗ್‌ಗಳಲ್ಲೂ ಶಾಖೆ ತೆರೆಯಿತು.

ಅದಕ್ಕೆ ಹೆಸರು ಬಂದದ್ದೇ ಸಣ್ಣ ಸಾಲದಿಂದ. 2005ರಲ್ಲಿ ಚೀನಾ ಅಭಿವೃದ್ಧಿ ಬ್ಯಾಂಕು ವಿಶ್ವಬ್ಯಾಂಕ್ ಮತ್ತು ಜರ್ಮನಿಯ ಸರ್ಕಾರಿ ಬ್ಯಾಂಕಾದ ಕೆಎಫ್‌ಡಬ್ಲ್ಯು ಜೊತೆ ಸೇರಿ ಸಣ್ಣ ಸಾಲದ ಯೋಜನೆ ಶುರು ಮಾಡಿದಾಗ ಮೊದಲು ಸೇರಿದ ಬ್ಯಾಂಕುಗಳಲ್ಲಿ ಇದೂ ಒಂದು. ಜರ್ಮನಿಯಿಂದ ಬಂದ ತಜ್ಞರು ಅಲ್ಲಿಯ ಹುಡುಗರಿಗೆ ಕೆಲಸ ಕಲಿಸಿದರು. ಸಾಲ ಕೇಳಿದವನ ಅಂಗಡಿಗೇ ಹೋಗಬೇಕು, ಸರಕು ನೋಡಬೇಕು, ದಿನಕ್ಕೆಷ್ಟು ಗಲ್ಲಾ ಎಂದು ಕೇಳಬೇಕು, ಆಮೇಲೆ ಅವನ ಬಳಿ ಇಲ್ಲದ ಲೆಕ್ಕದ ಪುಸ್ತಕವನ್ನು ತಾವೇ ಕೂತು ಬರೆಯಬೇಕು. ಅಡವಿಡುವ ಆಸ್ತಿಗಿಂತ ಅವನ ಕೈಯಲ್ಲಿ ದಿನಾ ಓಡಾಡುವ ದುಡ್ಡು ಮುಖ್ಯ. ಸಾಲ ಕೊಡಿಸಿದವನೇ ವಸೂಲಿಗೂ ಹೊಣೆ.

ಇದು ಅಲ್ಲಿಯದೇ ಜಾಣತನ ಅಂದುಕೊಳ್ಳಬೇಡಿ. ನಮ್ಮ ಉಡುಪಿಯಲ್ಲಿ 1928ರಿಂದಲೇ ಪಿಗ್ಮಿ ಕಟ್ಟಿಸಿಕೊಳ್ಳಲು ಏಜೆಂಟರು ಅಂಗಡಿ ಅಂಗಡಿ ತಿರುಗುತ್ತಿದ್ದರಲ್ವಾ, ಯಾರ ವ್ಯಾಪಾರ ಹೇಗಿದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ನಾನೇ ಒಮ್ಮೆ ಒಬ್ಬ ಹೋಟೆಲಿನವರಿಗೆ ಸಾಲ ಬರೆದದ್ದು ಅವರ ಹಾಲಿನ ಚೀಟಿ ನೋಡಿ. ಇಷ್ಟು ಲೀಟರ್ ಹಾಲು, ಅದಕ್ಕೆ ಇಷ್ಟು ಲೋಟ ಕಾಫಿ, ಅಷ್ಟು ಕಾಫಿಗೆ ಇಷ್ಟು ಇಡ್ಲಿ ಎಂದು ರಾತ್ರಿ ಒಂಬತ್ತಕ್ಕೆ ಬಾಗಿಲು ಅರ್ಧ ಎಳೆದುಕೊಂಡು ಲೆಕ್ಕ ಹಾಕಿದ್ದೆವು. ಒಂದು ಕಂತೂ ತಪ್ಪಲಿಲ್ಲ.

ಹಾಗಾದರೆ ಬಾವ್‌ಶಾಂಗ್ ಮುಳುಗಿದ್ದು ಯಾಕೆ? ಅದರ ಶೇರಿನಲ್ಲಿ ಶೇ. 89ರಷ್ಟು ಒಬ್ಬನೇ ಧಣಿಯ ಕೈಯಲ್ಲಿತ್ತು. ಶಿಯಾವ್ ಜಿಯಾನ್‌ಹುವಾ ಎಂಬ ಕುಬೇರನ ಟುಮಾರೊ ಗ್ರೂಪ್ ಅದು. 2005ರಿಂದ 2019ರವರೆಗೆ, ಅಂದರೆ ಕೆಳಗೆ ಹುಡುಗರು ಅಂಗಡಿಗಳಲ್ಲಿ ಸರಕು ಎಣಿಸುತ್ತಿದ್ದ ಅದೇ ವರ್ಷಗಳಲ್ಲಿ, ಈ ಗುಂಪು 209 ಬರೀ ಕಾಗದದ ಕಂಪನಿಗಳ ಹೆಸರಲ್ಲಿ 347 ಸಾಲ ಎತ್ತಿತು. ಒಟ್ಟು 15,600 ಕೋಟಿ ಯುವಾನ್. ರೂಪಾಯಿಯಲ್ಲಿ ಲಕ್ಷ ಕೋಟಿ ದಾಟುವ ಲೆಕ್ಕ. ಅಷ್ಟೂ ವಸೂಲಾಗದ ಸಾಲ ಎಂದು ಚೀನಾದ ಕೇಂದ್ರ ಬ್ಯಾಂಕಿನವರೇ ಬರೆದರು. ಕಾಫಿ ಲೋಟ ಎಣಿಸುವ ಬ್ಯಾಂಕಿನಲ್ಲಿ ಇದನ್ನು ಎಣಿಸುವವರು ಯಾರೂ ಇರಲಿಲ್ಲ! ಕಾವಲಿಗಿದ್ದ ಅಲ್ಲಿಯ ನಿಯಂತ್ರಣ ಕಚೇರಿಯ ಹಿರಿಯ ಅಧಿಕಾರಿಗಳ ಮೇಲೂ ಆಮೇಲೆ ತನಿಖೆ ನಡೆಯಿತು.

ಬ್ಯಾಂಕಿನ ಕೊನೆಯ ವಾರ್ಷಿಕ ವರದಿ 2016ರದ್ದು. ಅದರಲ್ಲಿ ಕೆಟ್ಟ ಸಾಲ ಬರೀ ಶೇ. 1.68 ಎಂದಿತ್ತು. ಮುಂದಿನ ವರ್ಷದ ವರದಿ ಬರಲೇ ಇಲ್ಲ. ನಮ್ಮ ಶಾಖೆಗೆ ಬರುತ್ತಿದ್ದ ಆಡಿಟರ್ ಒಬ್ಬರು ಯಾವಾಗಲೂ ಹೇಳುತ್ತಿದ್ದರು, ಲೆಕ್ಕ ತಡವಾಯಿತು ಅಂದರೆ ಲೆಕ್ಕ ಇಲ್ಲ ಅಂತಲೇ ತಿಳಿದುಕೋ ಅಂತ. 2019ರ ಮೇ 24, ಶುಕ್ರವಾರ, ಸರ್ಕಾರ ಬ್ಯಾಂಕನ್ನು ವಶಕ್ಕೆ ತೆಗೆದುಕೊಂಡಿತು. ಸುಮಾರು 47 ಲಕ್ಷ ಗ್ರಾಹಕರಲ್ಲಿ ಜನಸಾಮಾನ್ಯರ ಠೇವಣಿ ಪೂರ್ತಿ ಉಳಿಯಿತು. ದೊಡ್ಡ ದೊಡ್ಡ ಕಂಪನಿಗಳು, ಬೇರೆ ಬ್ಯಾಂಕುಗಳು ಇಟ್ಟಿದ್ದ 5 ಕೋಟಿ ಯುವಾನ್ ಮೀರಿದ ಹಣಕ್ಕೆ ಮಾತ್ರ ಕತ್ತರಿ ಬಿತ್ತು. ಇದರಿಂದ ಒಂದು ಬ್ಯಾಂಕ್ ಇನ್ನೊಂದನ್ನು ನಂಬದೆ ಸಾಲ ಕೊಡುವುದನ್ನೇ ಕಡಿಮೆ ಮಾಡಿತು, ಜಿನ್‌ಝೌ ಎಂಬ ಇನ್ನೊಂದು ಊರಿನ ಬ್ಯಾಂಕಿಗೂ ಅದೇ ವರ್ಷ ಸರ್ಕಾರಿ ಸಂಸ್ಥೆಗಳು ದುಡ್ಡು ಹಾಕಬೇಕಾಯಿತು. ಬಾವ್‌ಶಾಂಗ್‌ನ ಒಳ ಮಂಗೋಲಿಯಾದ ವ್ಯವಹಾರ 2020ರಲ್ಲಿ ಹುಟ್ಟಿದ ಮೆಂಗ್‌ಶಾಂಗ್ ಬ್ಯಾಂಕಿಗೆ, ಹೊರಗಿನ ನಾಲ್ಕು ಊರಿನ ಶಾಖೆಗಳು ಹುಯಿಶಾಂಗ್ ಬ್ಯಾಂಕಿಗೆ ಹೋದವು. 2021ರ ಫೆಬ್ರವರಿಯಲ್ಲಿ ಕೋರ್ಟು ಬಾವ್‌ಶಾಂಗ್ ಬ್ಯಾಂಕನ್ನು ದಿವಾಳಿ ಎಂದು ಸಾರಿತು. ಧಣಿಗೆ 2022ರ ಆಗಸ್ಟ್‌ನಲ್ಲಿ 13 ವರ್ಷ ಜೈಲಾಯಿತು.

ನನ್ನ ಅಕ್ಕನ ಎಫ್‌ಡಿ ಇಲ್ಲಿಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಸಿಕ್ಕಿಹಾಕಿಕೊಂಡಾಗಲೂ ಜನ ಬೈದದ್ದು ಸಾಲ ತಗೊಂಡ ಆಟೋದವರನ್ನು, ತರಕಾರಿಯವರನ್ನು. ಪಟ್ಟಿ ಹೊರಬಿದ್ದಾಗ ನೋಡಿದರೆ ದೊಡ್ಡ ಮೊತ್ತಗಳೆಲ್ಲ ನಿರ್ದೇಶಕರ ಬಂಧುಗಳ ಹೆಸರಲ್ಲಿದ್ದವು. ವಿಮೆಯ 5 ಲಕ್ಷವೇನೋ ಬಂತು, ಉಳಿದದ್ದಕ್ಕೆ ಅಕ್ಕ ಇನ್ನೂ ಅಲೆಯುತ್ತಿದ್ದಾಳೆ.

ಕೊನೆಗೊಂದು ಮಾತು ಸ್ವಾಮಿ. ಯಾವ ಬ್ಯಾಂಕಿನಲ್ಲಿ ಎಫ್‌ಡಿಗೆ ಎಷ್ಟು ಬಡ್ಡಿ ಎಂದು ಪಟ್ಟಿ ಹಾಕುತ್ತೀರಲ್ಲ, ಅದರ ಪಕ್ಕದಲ್ಲೇ ಆ ಬ್ಯಾಂಕಿನಲ್ಲಿ ಜಾಸ್ತಿ ಶೇರು ಯಾರದು, ಕಳೆದ ವರ್ಷದ ಲೆಕ್ಕ ಪ್ರಕಟ ಮಾಡಿದ್ದಾರೋ ಇಲ್ಲವೋ, ಇಷ್ಟನ್ನೂ ಹಾಕಿ. ಎರಡು ಕಾಲಂ ಜಾಸ್ತಿ ಆಗುತ್ತೆ ಅಷ್ಟೇ.

ಇಂತಿ,
ಒಬ್ಬ ನಿವೃತ್ತ ಬ್ಯಾಂಕ್ ನೌಕರ, ಕುಂದಾಪುರ